ಮೆಮೊರಿಯಲ್ಲಿ ಕೂತ ಮನೆಅಳಿಯ

ಇದನ್ನು ನೀವು ನಂಬುವುದಿಲ್ಲ. ನನ್ನ ಕ್ಲಾಸಿನವರೇ ನಂಬಿಲ್ಲ, ಅದೂ ನನ್ನ ಬೆಂಚಿನಲ್ಲೇ ಕೂತು ನನ್ನ ಡಬ್ಬಿಯ ಪುಳಿಯೋಗರೆ ತಿಂದವರು. ಆದರೂ ಹೇಳಿಬಿಡುತ್ತೇನೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕನ್ನು ಜರಡಿ ಹಿಡಿದರೂ ಡಾಸ್ ಕಂಪ್ಯೂಟರಿಗೆ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವ ಹುಡುಗಿ ನಾನೊಬ್ಬಳೇ. ಬಿಳಿಗಿರಿರಂಗನ ಬೆಟ್ಟದ ಹುಲಿಗಳನ್ನು ಮರಮರಕ್ಕೂ ಕ್ಯಾಮೆರಾ ಕಟ್ಟಿ ಎಣಿಸುತ್ತಾರೆ. ನನ್ನನ್ನು ಎಣಿಸಲು ಒಂದು ಬೆರಳು ಸಾಕು, ಆ ಬೆರಳೂ ನನ್ನದೇ.

ಡಾಸ್ ಅಂದರೆ ಗೊತ್ತಿಲ್ಲದವರಿಗೆ: ಕಪ್ಪು ತೆರೆ, ಅದರ ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೆರೆ, ಅಷ್ಟೇ. ಒತ್ತಲು ಚಿತ್ರವಿಲ್ಲ, ಉಜ್ಜಲು ಗಾಜಿಲ್ಲ. ಕುಟ್ಟಿದ್ದು ಸರಿಯಿದ್ದರೆ ಮಾಡುತ್ತದೆ, ತಪ್ಪಿದ್ದರೆ ಬೈಯುತ್ತದೆ. ಮ್ಯೂಸಿಯಮ್ಮಿನಲ್ಲಿ ಇರಬೇಕಾದದ್ದು ನಮ್ಮ ಮನೆಯಲ್ಲಿ ಏಕಿದೆ ಅಂದರೆ, ನಾವು ರೇಷ್ಮೆ ಸೀರೆ ನೇಯುವವರು. ಸೆರಗಿನ ಹೂವು, ಬಳ್ಳಿ, ಹಂಸ ಎಲ್ಲ ಮಗ್ಗದ ತಲೆಯ ಮೇಲಿರುವ ಜಕಾರ್ಡ್ ಪೆಟ್ಟಿಗೆಯಿಂದ ಬರಬೇಕು. ಆ ಪೆಟ್ಟಿಗೆಗೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ ಬೇಕು. ತೂತು ಎಲ್ಲಿದೆಯೋ ಅಲ್ಲಿ ಎಳೆ ಮೇಲೇಳುತ್ತದೆ. ಆ ತೂತು ಹೊಡೆಯುವ ಯಂತ್ರಕ್ಕೆ ಈ ಮುದಿ ಕಂಪ್ಯೂಟರಿನ ಮಾತು ಬಿಟ್ಟರೆ ಬೇರೆ ಯಾರ ಮಾತೂ ಅರ್ಥವಾಗುವುದಿಲ್ಲ. ಹೊಸ ಲ್ಯಾಪ್‌ಟಾಪು ತಂದು ಎದುರಿಗಿಟ್ಟರೆ ಸಂಬಂಧ ಒಪ್ಪದ ಹುಡುಗಿಯಂತೆ ಮುಖ ತಿರುಗಿಸಿಕೊಳ್ಳುತ್ತದೆ.

ಇವೆರಡರ ಒಡೆಯ ನನ್ನ ಚಿಕ್ಕಪ್ಪ. ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ, ಚಿಕ್ಕಪ್ಪ ಗೋಡೆಯಾಚೆಯ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಚುಕ್ಕಿಗೆ ಚುಕ್ಕಿ ಜೋಡಿಸಿ ಸೆರಗು ಬರೆಯುತ್ತಿದ್ದ. ಇಬ್ಬರೂ ಗೋಡೆಯ ಮೂಲಕವೇ ಮಾತಾಡುತ್ತಿದ್ದರು.

"ಲೋ, ಏನ್ಲಾ ಇದು, ಅಂಸನೋ ಬಾತುಕೋಳಿನೋ?" ಅಂತ ಈ ಕಡೆಯಿಂದ ಅಪ್ಪ.

"ನೀ ನೇಯ್ದ್ರೆ ಬಾತುಕೋಳಿ ಕಣಣ್ಣ. ನಾ ಬರ್ದಾಗ ಅಂಸವೇ ಆಗಿತ್ತು" ಅಂತ ಆ ಕಡೆಯಿಂದ ಚಿಕ್ಕಪ್ಪ.

ನನಗೆ ಪ್ರೋಗ್ರಾಮು ಕಲಿಸಿದ್ದೂ ಅವನೇ. ಕಲಿಸಿದ ಅನ್ನುವುದಕ್ಕಿಂತ, ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನನ್ನ ಕಾಟ ತಡೆಯಲಾರದೆ ಒಂದು ಹಳೆಯ ಇಂಗ್ಲಿಷ್ ಪುಸ್ತಕವನ್ನು ನನ್ನ ತೊಡೆಯ ಮೇಲೆ ಎಸೆದ. ಮುಖಪುಟವನ್ನು ಇಲಿ ತಿಂದಿತ್ತು. ಒಳಪುಟಗಳನ್ನು ಇಲಿಯೂ ಮುಟ್ಟಿರಲಿಲ್ಲ, ಅಷ್ಟು ಕಷ್ಟವಾಗಿತ್ತು. ನಾನು ಓದಿದೆ. ಇಲಿಗಿಂತ ನಾನು ಮೇಲು ಅನ್ನುವುದಕ್ಕೆ ಇದೊಂದೇ ಸಾಕ್ಷಿಯಲ್ಲ, ಇನ್ನೂ ಇವೆ.

"ನೋಡವ್ವ" ಅಂದ ಚಿಕ್ಕಪ್ಪ ಮೊದಲ ದಿನ. "ಪ್ರೋಗ್ರಾಮಲ್ಲಿ ಎಲ್ಡು ಜಾತಿ. ಒಂದು ನೆಂಟ. ಬತ್ತಾನೆ, ಉಣ್ತಾನೆ, ಕೆಲ್ಸ ಮುಗುಸ್ಕಂಡು ಓಯ್ತಾನೆ. ಇನ್ನೊಂದು ಮನೆಅಳಿಯ. ಮಿಶನ್ನು ಕಣ್ ಬುಡೋ ಒತ್ಗೇ ಒಳಿಕ್ ಬಂದು ಮೆಮೊರೀಲಿ ಒಂದ್ ಮೂಲೆ ಇಡ್ಕಂಡು ಕುಂತ್ಕತಾನೆ. ಕಣ್ಗೆ ಕಾಣಕ್ಕಿಲ್ಲ. ಕರೆಂಟ್ ಓಗೋಗಂಟ ಏಳಕ್ಕಿಲ್ಲ."

"ನೀನೂ ಹಂಗೇ ತಾನೆ, ಮದ್ವೆ ಆಗ್ದಲೇ?" ಅಂದೆ.

"ಏಟ್ ಬೀಳ್ತದೆ ಈಗ."

ನಾನು ಆರಿಸಿಕೊಂಡದ್ದು ಮನೆಅಳಿಯನನ್ನೇ. ನೆಂಟರನ್ನು ಯಾರು ಬೇಕಾದರೂ ಬರೆಯುತ್ತಾರೆ. ಅಳಿಯನಿಗೆ ಜಾಗ ಹುಡುಕುವುದು ಹುಡುಗಾಟವಲ್ಲ. ಆ ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳು ಬಾಳಬೇಕಾದ ಮನೆ ಎಷ್ಟು ಚಿಕ್ಕದೆಂದರೆ, ನಮ್ಮ ದೊಡ್ಡಮ್ಮ ದಿನಾ ಬೆಳಿಗ್ಗೆ ಫೋನಿಗೆ ಕಳಿಸುವ ಗುಲಾಬಿ ಹೂವಿನ ಶುಭೋದಯದ ಒಂದೇ ಒಂದು ಚಿತ್ರವನ್ನು ಅದರೊಳಗೆ ಬಿಟ್ಟರೆ ಗೋಡೆ ಬಿರುಕು ಬಿಡುತ್ತದೆ. ಅಷ್ಟರಲ್ಲೇ ಮೌಸು ಓಡಿಸುವವನು, ತೂತು ಯಂತ್ರದ ಜೊತೆ ಮಾತಾಡುವವನು, ಡಿಸೈನಿನ ದೊಡ್ಡ ಪ್ರೋಗ್ರಾಮು ಎಲ್ಲರೂ ಇರಬೇಕು. ಕಂಪ್ಯೂಟರು ಎದ್ದ ತಕ್ಷಣ ಯಾರನ್ನು ಮೊದಲು ಕರೆಯಬೇಕು ಅಂತ ಒಂದು ಫೈಲಿನಲ್ಲಿ ಸಾಲಾಗಿ ಬರೆದಿರುತ್ತದೆ. ನಾನು ನನ್ನ ಅಳಿಯನನ್ನು ಎಲ್ಲರಿಗಿಂತ ಮೇಲೆ ಬರೆದೆ. ಅವನು ಮೊದಲು ಬಂದು ಕಾಲು ಚಾಚಿದ. ಮೌಸಿಗೆ ಜಾಗ ಸಾಲಲಿಲ್ಲ. ಚಿಕ್ಕಪ್ಪ ಮೌಸನ್ನು ಮೇಜಿಗೆ ಕುಟ್ಟಿದ, ಬಾಲ ಹಿಡಿದು ಜಗ್ಗಿದ, ಹೊಟ್ಟೆ ಬಿಚ್ಚಿ ಉಂಡೆ ತೊಳೆದ. ನಾನು ಹಿಂದೆ ನಿಂತು ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆ.

ಮೊದಲನೆಯ ಅಳಿಯ ಮಾಡಿದ ಇನ್ನೊಂದು ಅನಾಹುತವೆಂದರೆ ಗಡಿಯಾರ ನಿಲ್ಲಿಸಿದ್ದು. ಕಂಪ್ಯೂಟರಿನ ಒಳಗೆ ಸೆಕೆಂಡಿಗೆ ಹದಿನೆಂಟು ಚಿಲ್ಲರೆ ಸಲ ಒಂದು ಗಂಟೆ ಬಡಿಯುತ್ತದೆ. ಮೆಮೊರಿಯಲ್ಲಿ ಕೂತವರೆಲ್ಲ ಅದನ್ನು ಕೇಳಿ ಒಂದೊಂದು ತುತ್ತು ಕೆಲಸ ಮಾಡಬೇಕು. ನಾನು ಗಂಟೆಯನ್ನು ನನ್ನ ಅಳಿಯನ ಕಡೆ ತಿರುಗಿಸಿಕೊಂಡೆ, ಅವನ ಕೆಲಸ ಮುಗಿಸಿದೆ, ಹಿಂದಿನವರಿಗೆ ಹೇಳುವುದನ್ನು ಬಿಟ್ಟುಬಿಟ್ಟೆ. ಮಿಶನ್ನು ಕಲ್ಲಿನಂತೆ ನಿಂತಿತು. ಚಿಕ್ಕಪ್ಪ ನನ್ನ ಸಾಲುಗಳನ್ನು ನೋಡಿ ಹಣೆ ಚಚ್ಚಿಕೊಂಡ.

"ಅಲ್ಲ ಕಣವ್ವ, ಪಂಕ್ತೀಲಿ ಕುಂತಿದ್ದೀಯ. ಸಾರಿನ್ ಬಕೀಟು ನಿನ್ತಾವ ಬಂತು. ಬಡುಸ್ಕಂಡೆ. ಬಕೀಟ್ನ ಮುಂದುಕ್ ಕಳುಸ್ದೇ ಮಡ್ಲಲ್ಲಿ ಇಟ್ಕಂಡು ಕುಂತ್ಕಂಡ್ರೆ ಮಿಕ್ಕೋರು ಏನ್ ತಿನ್ಬೇಕು, ಎಲೆಯಾ?"

ಬಕೆಟ್ಟು ಮುಂದೆ ಕಳಿಸುವುದನ್ನು ಕಲಿತ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಎರಡನೆಯ ಅಳಿಯ, ಯಾರೂ ಕೀಲಿ ಒತ್ತದೆ ಸ್ವಲ್ಪ ಹೊತ್ತು ಬಿಟ್ಟರೆ, ತೆರೆಯ ಮೇಲಿನ ಸೆರಗಿನಿಂದ ಒಂದು ಹಂಸವನ್ನು ಎಬ್ಬಿಸಿ ಎಡದಿಂದ ಬಲಕ್ಕೆ ನಡೆಸುತ್ತಿದ್ದ. ಯಳಂದೂರಿನಿಂದ ಕಾರ್ಡಿಗೆಂದು ಬಂದಿದ್ದ ಒಬ್ಬ ಗಿರಾಕಿ ಅದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು.

"ಸಾ! ನನ್ ಸೀರೆ ಅಂಸ ಎದ್ ಓಯ್ತಾ ಅದೆ ಸಾ! ಇಡ್ಕಳಿ!"

ಅವರು ನಿಜಕ್ಕೂ ಎರಡು ಕೈ ಚಾಚಿ ಮಾನಿಟರಿನ ಬಲಗಡೆಗೆ ಓಡಿ ನಿಂತಿದ್ದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಸರಿ, ಓಡಲಿಲ್ಲ, ನಡೆದರು. ಆದರೆ ಕೈ ಚಾಚಿದ್ದು ನಿಜ.

ಮೂರನೆಯವನೇ ಈ ಕಥೆಯ ಅಳಿಯ. ಅವನನ್ನು ಚಿಕ್ಕಪ್ಪನೇ ಕೇಳಿ ಬರೆಸಿಕೊಂಡ. ಡಾಸ್ ಕಂಪ್ಯೂಟರಿಗೆ ಡಿಸ್ಕು ಓದಲು, ಬರೆಯಲು ಆಗದಿದ್ದರೆ ಎಲ್ಲ ಕೆಲಸ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತದೆ: ಅಬಾರ್ಟ್, ರಿಟ್ರೈ, ಫೇಲ್? ಅಂದರೆ ಎಲ್ಲ ಬಿಟ್ಟು ಎದ್ದು ಹೋಗಲೇ, ಇನ್ನೊಂದು ಸಲ ನೋಡಲೇ, ಇದೊಂದು ಆಗಲಿಲ್ಲ ಅಂದುಕೊಂಡು ಮುಂದೆ ಹೋಗಲೇ. ನಮ್ಮ ಫ್ಲಾಪಿ ಡ್ರೈವು ಸತ್ತು ಎಷ್ಟೋ ಕಾಲವಾಗಿತ್ತು. ಡಿಸೈನಿನ ಪ್ರೋಗ್ರಾಮು ಅದನ್ನು ಸುಮ್ಮಸುಮ್ಮನೆ ತಡಕುವುದು, ಪ್ರಶ್ನೆ ಬರುವುದು. ಚಿಕ್ಕಪ್ಪ ಕೈಗೆಲ್ಲ ಯಂತ್ರದ ಎಣ್ಣೆ ಮಾಡಿಕೊಂಡಿರುವಾಗ ಮೊಣಕೈಯಲ್ಲಿ ಒತ್ತಿ, ಫೇಲ್ ಬದಲು ಅಬಾರ್ಟ್ ಬಿದ್ದು, ಬೆಳಗಿನಿಂದ ಬರೆದದ್ದೆಲ್ಲ ಹೋಗಿಬಿಡುವುದು.

"ಅದು ಕೇಳೋಕ್ ಮುಂಚ್ಲೇ ಯಾರಾದ್ರೂ ಒಳಗ್ನಿಂದ್ಲೇ ಉತ್ರ ಏಳ್ಬುಡಂಗೆ ಮಾಡಕ್ಕಾಯ್ತದಾ ಅಮ್ಮಣ್ಣಿ?"

ಮಾಡಿದೆ. ಪ್ರಶ್ನೆ ಹುಟ್ಟುವ ಜಾಗದಲ್ಲೇ ಅಳಿಯನನ್ನು ಕೂರಿಸಿದೆ. ಪ್ರಶ್ನೆ ತೆರೆಗೆ ಬರುವ ಮೊದಲೇ ಅವನು ಫೇಲ್ ಅಂದುಬಿಡುತ್ತಾನೆ. ಯಾರಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೆ ನನ್ನ ಹೆಸರು ಬರುವುದು ಹೇಗೆ? ಅದಕ್ಕೆ ತೆರೆಯ ಮೇಲ್ಮೂಲೆಯಲ್ಲಿ, ಅವನು ಉತ್ತರ ಕೊಟ್ಟಾಗಲೆಲ್ಲ ಒಂದೊಂದೇ ಏರುವ ಪುಟ್ಟ ಅಂಕಿ ಇಟ್ಟೆ. ಚಿಕ್ಕಪ್ಪ ಅದನ್ನು ನೋಡಿ, "ಅಳೀದೇವ್ರು ಇವತ್ತು ಬಾಳಾ ಮಾತಾಡವ್ರೆ" ಅನ್ನುತ್ತಿದ್ದ.

ಈ ಬೇಸಿಗೆಯಲ್ಲಿ ಚಿಕ್ಕಪ್ಪ ಅಪ್ಪನಿಗೆಂದು ಒಂದು ಸೆರಗು ಬರೆದ. ಯಾವ ಗಿರಾಕಿಯೂ ಕೇಳಿದ್ದಲ್ಲ, ತಲೆಯಲ್ಲಿ ಹುಟ್ಟಿದ್ದು. ಎದುರುಬದುರಾದ ಹಂಸಗಳು, ಅವುಗಳ ಬಾಲವೇ ಹೋಗುತ್ತ ಹೋಗುತ್ತ ಬಳ್ಳಿಯಾಗುತ್ತಿತ್ತು. ಬರೆದು, ಅರ್ಧ ಕಾರ್ಡು ಹೊಡೆದ. ಅಪ್ಪ ಆ ಅರ್ಧವನ್ನು ಪೆಟ್ಟಿಗೆಗೆ ಏರಿಸಿ ನೇಯ್ದೂ ಬಿಟ್ಟ. ಮಿಕ್ಕರ್ಧ ಹೊಡೆಯುವಾಗ ತೂತು ಯಂತ್ರದೊಳಗಿನ ತಂತಿಯ ಸುರುಳಿ, ಕಾಯ್ಲು, ಸುಟ್ಟಿತು. ಕೋಣೆಯೆಲ್ಲ ವಾಸನೆ. ಚಿಕ್ಕಪ್ಪ ಎದೆ ಉಜ್ಜಿಕೊಂಡು, ವಾಸನೆಗೆ ಗ್ಯಾಸಾಗಿದೆ ಅಂದ. ಸೋಡಾ ಕುಡಿದು ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡ.

"ಆಫ್ ಮಾಡ್ಬ್ಯಾಡ ಕಣವ್ವ, ಬಂದೆ."

ಸೋಡಾ ಅಂಗಡಿಯಿಂದ ಆಸ್ಪತ್ರೆಗೆ ಕರೆದೊಯ್ದರು, ಅಲ್ಲಿಂದ ಮೈಸೂರಿಗೆ. ಮೈಸೂರಿನಿಂದ ಆಂಬುಲೆನ್ಸಿನಲ್ಲಿ ವಾಪಸು ಬಂದ. ಮನೆ ತುಂಬ ಜನ. ಎಲ್ಲರೂ ಅತ್ತರು. ನಾನು ಚಪ್ಪಲಿ ಸಾಲಾಗಿ ಜೋಡಿಸುವ ಕೆಲಸ ವಹಿಸಿಕೊಂಡೆ. ತುಂಬ ಚೆನ್ನಾಗಿ ಜೋಡಿಸಿದೆ. ಬಣ್ಣ ನೋಡಿ, ಅಳತೆ ನೋಡಿ. ಕೊಳ್ಳೇಗಾಲದಲ್ಲಿ ಯಾವ ಸಾವಿನ ಮನೆಯ ಮುಂದೂ ಅಷ್ಟು ಚೆಂದದ ಚಪ್ಪಲಿ ಸಾಲು ಇದ್ದಿರಲಾರದು. ಒಬ್ಬ ಅಜ್ಜಿ ನನ್ನ ಗಲ್ಲ ಹಿಡಿದು, "ಅಳವ್ವ, ಅತ್ಬುಡು, ಒಳ್ಗೇ ಇಟ್ಕಬ್ಯಾಡ" ಅಂದರು. ಒಳಗೆ ಏನಾದರೂ ಇದೆಯಾ ಅಂತ ನೋಡಿಕೊಂಡೆ. ಇರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಮುಟ್ಟಿದರೆ ಬೇರೆ ಯಾರದ್ದೋ ತುಟಿ ಮುಟ್ಟಿದಂತಿರುತ್ತದಲ್ಲ, ಹಾಗೆ.

ತಿಥಿ ಮುಗಿದ ಮೇಲೆ ಕೋಣೆಗೆ ಹೋದೆ. ಕಂಪ್ಯೂಟರು ಓಡುತ್ತಲೇ ಇತ್ತು, ಪುಣ್ಯಕ್ಕೆ ಅಷ್ಟೂ ದಿನ ಕರೆಂಟು ಹೆಚ್ಚು ಹೊತ್ತು ಹೋಗಿರಲಿಲ್ಲ. ತೆರೆಯ ಮೇಲೆ ಹಂಸಗಳು. ಮೂಲೆಯ ಅಂಕಿ ಮಾತ್ರ ಉಬ್ಬಿಹೋಗಿತ್ತು, ಬೆಲ್ಲದಚ್ಚಿಗೆ ಮುತ್ತಿದ ಇರುವೆಯ ಹಾಗೆ ಅಂಕಿಯ ಮೇಲೆ ಅಂಕಿ. ಫ್ಲಾಪಿಯನ್ನು ತಡಕಿದರೆ ಇಷ್ಟು ಏರುವುದಿಲ್ಲ. ಕಿವಿ ಇಟ್ಟೆ. ಹಾರ್ಡ್ ಡಿಸ್ಕು ತಿರುಗುವ ಸದ್ದಿಲ್ಲ. ಅದೂ ಸತ್ತಿತ್ತು. ಡಿಸೈನಿನ ಪ್ರೋಗ್ರಾಮು ಆಗಾಗ ತಾನೇ ಉಳಿಸಿಕೊಳ್ಳಲು ಹೋಗುತ್ತದೆ, ಡಿಸ್ಕು ಸಿಗುವುದಿಲ್ಲ, ಪ್ರಶ್ನೆ ಹುಟ್ಟುತ್ತದೆ, ನನ್ನ ಅಳಿಯ ಫೇಲ್ ಅನ್ನುತ್ತಾನೆ, ಪ್ರೋಗ್ರಾಮು ಮುಂದೆ ಹೋಗುತ್ತದೆ. ಅಷ್ಟೂ ದಿನ ಅವನೊಬ್ಬನೇ ಕೂತು ಹೀಗೆ ಉತ್ತರ ಹೇಳಿದ್ದ.

ಅಂದರೆ ಸೆರಗಿನ ಮಿಕ್ಕರ್ಧ ಈಗ ಲೋಕದಲ್ಲಿ ಒಂದೇ ಕಡೆ ಇತ್ತು, ಆ ಚಿಕ್ಕ ಮೆಮೊರಿಯಲ್ಲಿ. ಕರೆಂಟು ಇರುವವರೆಗೆ ಇರುತ್ತದೆ. ಒಂದು ಸಲ ಆರಿದರೆ ಕಂಪ್ಯೂಟರು ಮತ್ತೆ ಏಳುವುದಕ್ಕೇ ಡಿಸ್ಕಿಲ್ಲ.

ಫೋನಿನಲ್ಲಿ ಫೋಟೊ ತೆಗೆಯಬಹುದಿತ್ತಲ್ಲ ಅನ್ನುತ್ತೀರಿ. ತೆಗೆದೆ, ನಿಮ್ಮಷ್ಟು ಬುದ್ಧಿ ನನಗೂ ಇದೆ. ತೆರೆಯ ಮೇಲೆ ಕಾಣುವುದು ಬಣ್ಣ ಮಾತ್ರ. ಆ ಬಣ್ಣದ ಕೆಳಗೆ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಅನ್ನುವ ಕಟ್ಟು ತೆರೆಯ ಮೇಲೆ ಬರುವುದಿಲ್ಲ. ಅದು ಚಿಕ್ಕಪ್ಪನಿಗೆ ಗೊತ್ತಿತ್ತು, ಮೆಮೊರಿಗೆ ಗೊತ್ತಿತ್ತು.

ಉಳಿದ ದಾರಿ ಒಂದೇ: ಕಾಯ್ಲು ಸುತ್ತಿಸಿ, ಯಂತ್ರ ಎಬ್ಬಿಸಿ, ಆರುವ ಮೊದಲು ಕಾರ್ಡು ಹೊಡೆದು ಮುಗಿಸುವುದು.

ಅಪ್ಪ ಮಗ್ಗಕ್ಕೆ ಬೇರೆ ಸೀರೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಅರ್ಧ ಸೆರಗಿನ ಮುಂದೆ ಗುಂಡಿಯಲ್ಲಿ ಕಾಲಿಟ್ಟು ಕೂರುತ್ತಿದ್ದ, ಲಾಳಿಗೆ ಎಣ್ಣೆ ಮುಟ್ಟಿಸುತ್ತಿದ್ದ, ಏಳುತ್ತಿದ್ದ. ಗೋಡೆಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದ. ನಾನೇ ಹೋಗಿ ಹೇಳಿದೆ.

"ಮಿಕ್ಕಿದ್ದು ಮಿಶನ್ನೊಳ್ಗೆ ಭದ್ರವಾಗದೆ ಅಪ್ಪ. ಕಾಯ್ಲ್ ಬಂದೇಟ್ಗೆ ಹೊಡ್ಕೊಡ್ತೀನಿ. ಅಲ್ಲಿಗಂಟ ಅದು ಓಡ್ತಾನೇ ಇರ್ಬೇಕು, ಆಫ್ ಮಾಡ್ಬಾರ್ದು."

"ಊಂ" ಅಂದ ಅಪ್ಪ.

ಏಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಮೆಮೊರಿ, ಡಿಸ್ಕು, ಅಳಿಯ ಎಲ್ಲ ಹೇಳಿ ಇನ್ನಷ್ಟು ಮಿಂಚುತ್ತಿದ್ದೆ.

ಆಮೇಲೆ ಶುರುವಾಯಿತು ನನ್ನ ಸಾಹಸ. ಹಳೆಯ ಯುಪಿಎಸ್ಸು ಕರೆಂಟು ಹೋದರೆ ಒಂದು ಟೀ ಕುಡಿಯುವಷ್ಟು ಹೊತ್ತು ತಡೆಯುತ್ತಿತ್ತು, ಅದೂ ಸಕ್ಕರೆ ಕಲಕದೆ ಕುಡಿದರೆ. ಮಧುವನಹಳ್ಳಿಯಿಂದ ಬರುವ ನನ್ನ ಗೆಳತಿಯ ಮನೆಯಲ್ಲಿ ಬಳಸದೆ ಬಿಟ್ಟಿದ್ದ ಇನ್ವರ್ಟರ್ ಬ್ಯಾಟರಿಯೊಂದಿತ್ತು. ಅದನ್ನು ಅವಳ ಮೊಪೆಡ್ಡಿನ ಮುಂದೆ ಇಟ್ಟುಕೊಂಡು ತಂದೆವು. ಬ್ಯಾಟರಿ ನಮ್ಮಿಬ್ಬರಿಗಿಂತ ತೂಕ. ಏರಿನಲ್ಲಿ ಮೊಪೆಡ್ಡು ಹಿಂದಕ್ಕೆ ಹೋಗತೊಡಗಿತು.

"ಲೇ, ಇಳ್ದು ತಳ್ಳೇ!"

"ನೀ ಇಳಿಯೇ, ನಾ ಓಡುಸ್ತಾ ಇವ್ನಿ!"

"ಓಡ್ತಾ ಎಲ್ಲೇ ಅದೆ ಅದು, ರಿವರ್ಸಲ್ಲಿ ನಿಮ್ಮೂರ್ಗೇ ಓಯ್ತಾ ಅದೆ!"

ಕುರಿ ಮೇಯಿಸುತ್ತಿದ್ದ ಒಬ್ಬರು ನಮ್ಮನ್ನು ನೋಡಿ, "ಮದ್ವೆ ಬೀಗ್ರು ಮುನುಸ್ಕಂಡ್ ವಾಪಸ್ ಓಯ್ತಾವ್ರೆ" ಅಂದರು. ಹಾಗೂ ಹೀಗೂ ಬ್ಯಾಟರಿ ಬಂತು. ಹಳೆಯ ಯುಪಿಎಸ್ಸಿನ ಹೊಟ್ಟೆ ಬಿಚ್ಚಿ, ಮಿಶನ್ನು ಆರದಂತೆ ಜೋಡಿಸಿದೆ. ಇನ್ನು ಒಪ್ಪೊತ್ತು ಕರೆಂಟು ಹೋದರೂ ಭಯವಿರಲಿಲ್ಲ.

ಕಾಯ್ಲಿನದು ಬೇರೆ ಪುರಾಣ. ಕೊಳ್ಳೇಗಾಲದ ಅಂಗಡಿಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಇಷ್ಟು ಚಿಕ್ಕದಕ್ಕೆ ಕನ್ನಡಕ ಸಾಲದು ಅಂದರು. ಯಳಂದೂರಿನ ರೇಡಿಯೊ ರಿಪೇರಿಯವರು ತೆಗೆದುಕೊಂಡರು, ನಾಳೆ ಬಾ ಅಂದರು. ಹೋದಾಗಲೆಲ್ಲ ನಾಳೆ ಬಾ. ಕೊನೆಗೆ ಒಂದು ದಿನ ನಾನೇ ಅವರಿಗೆ, "ಅಣ್ಣ, ನಾಳೆ ಬತ್ತೀನಿ" ಅಂದೆ, ಅವರು "ಏ, ನಾಳೆ ಬ್ಯಾಡ" ಅಂದು ಹಾಗೇ ವಾಪಸು ಕೊಟ್ಟರು. ಹನೂರಿನಲ್ಲಿ ಬೋರ್‌ವೆಲ್ ಮೋಟಾರು ಸುತ್ತುವ ಅಂಗಡಿಗೆ ಹೋದೆ. ಅವರು ಆನೆ ಬೇಲಿಗೆ ಕರೆಂಟು ಕೊಡುವ ಡಬ್ಬವನ್ನು ಬಿಚ್ಚಿಕೊಂಡು ಕೂತಿದ್ದರು. ತಮಿಳೂ ಕನ್ನಡವೂ ಒಂದೇ ತಟ್ಟೆಯಲ್ಲಿ ಕಲಸಿ ಮಾತಾಡುತ್ತಿದ್ದರು.

"ಎನ್ನಮ್ಮಾ ಇದು, ಇಲಿಗೆ ಬೇಲಿನಾ?"

"ಇಲ್ಲಣ್ಣ, ಅಂಸಕ್ಕೆ."

"ಅಂಸಕ್ಕೆ ಬೇಲಿ ಯಾಕಮ್ಮ, ಅದೇನ್ ರಾಗಿ ತಿಂತದಾ?" ಅಂದರು. ಆದರೆ ಸುತ್ತಿಕೊಟ್ಟರು. ಕೂದಲಿನಂಥ ತಂತಿ. ಸುತ್ತುವಾಗ ಉಸಿರನ್ನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಲೇಜಿಗೆ ಚಕ್ಕರ್ ಹೊಡೆದು, ಕಾಯ್ಲು ಹಾಕಲು ತೂತು ಯಂತ್ರದ ಕೆಳಗೆ ಅಂಗಾತ ಮಲಗಿದೆ. ಹಲ್ಲಲ್ಲಿ ಸ್ಕ್ರೂ, ಒಂದು ಕೈಯಲ್ಲಿ ಕಾಯ್ಲು, ಇನ್ನೊಂದು ಕೈಯಲ್ಲಿ ತಂತಿ. ಪಕ್ಕದಲ್ಲಿ ಖಾಲಿ ರಟ್ಟುಗಳು. ಮೇಲೆ ಹಂಸಗಳು ಮಿನುಗುತ್ತಿದ್ದವು, ಮೂಲೆಯ ಅಂಕಿ ಏರುತ್ತಿತ್ತು. ಎರಡು ಸ್ಕ್ರೂ ತಿರುಗಿಸಿದರೆ ಆಯಿತು. ಬೀದಿ ಬಹಳ ಶಾಂತವಾಗಿತ್ತು. ಎಲ್ಲಿಂದಲೂ ಮಗ್ಗದ ಸದ್ದಿಲ್ಲ. ಅದು ಏಕೆಂದು ಯೋಚಿಸಲಿಲ್ಲ.

ಅಪ್ಪ ಒಳಗೆ ಬಂದ. ಚಿಕ್ಕಪ್ಪ ಹೋದ ಮೇಲೆ ಆ ಕೋಣೆಗೆ ಅವನು ಬಂದದ್ದು ಅದೇ ಮೊದಲು. ನನಗೆ ಕಂಡದ್ದು ಒದ್ದೆ ಪಾದ, ಮಡಿಪಂಚೆಯ ಅಂಚು. ಸ್ನಾನ ಮಾಡಿದ್ದ. ಕೈಯಲ್ಲಿ ಕುಂಕುಮದ ಬಟ್ಟಲು, ಎರಡು ಸೇವಂತಿಗೆ, ಒಗೆದ ಬಟ್ಟೆ.

ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಯ ದಿನ ಯಾರೂ ನೇಯುವುದಿಲ್ಲ. ಮಗ್ಗ ಒರೆಸಿ, ಕುಂಕುಮವಿಟ್ಟು, ಅದಕ್ಕೆ ಒಂದು ದಿನ ಬಿಡುವು ಕೊಡುತ್ತಾರೆ. ಎಳೆ ಎಲ್ಲಿ ನಿಂತಿದೆಯೋ ಅಲ್ಲೇ ಇರುತ್ತದೆ. ಮಾರನೆಯ ದಿನ ಕೂತು ಅದೇ ಎಳೆಯಿಂದ ಮುಂದುವರಿಸುತ್ತಾರೆ. ನಿಲ್ಲಿಸಿದ್ದಕ್ಕೆ ಯಾವ ಮಗ್ಗವೂ ನೇಯ್ದದ್ದನ್ನು ಬಿಚ್ಚಿಹಾಕಿಲ್ಲ.

ಅಪ್ಪ ಬಟ್ಟೆಯಿಂದ ಮಾನಿಟರಿನ ತಲೆ ಒರೆಸಿದ. ಮೆಲ್ಲಗೆ, ಮಗುವಿನ ತಲೆ ಒರೆಸುವ ಹಾಗೆ.

"ಒಂದ್ ಅಮಾಸೆಲೂ ಬುಡುವು ಕೊಡ್ಲಿಲ್ಲ ಅವ್ನು ಇದ್ಕೆ" ಅಂದ. ನನಗೆ ಹೇಳಿದನೋ, ಗೋಡೆಗೆ ಹೇಳಿದನೋ. "ತಾನೂ ಬುಡುವು ತಕಳ್ಲಿಲ್ಲ. ಎಷ್ಟು ಬಡ್ಕಂಡೆ."

ಯಾರೂ ಆರಿಸದಿರಲೆಂದು ಗೋಡೆಯ ಸ್ವಿಚ್ಚಿನ ಮೇಲೆ ನಾನು ಅಂಟಿಸಿದ್ದ ಟೇಪನ್ನು ಹರಿಯದಂತೆ ಬಿಡಿಸಿ, ಪಕ್ಕಕ್ಕೆ ಅಂಟಿಸಿ, ಸ್ವಿಚ್ಚು ಆರಿಸಿದ. ಯುಪಿಎಸ್ಸು ಕೂಗಲು ಶುರುಮಾಡಿತು. ಎದ್ದೇಳಬೇಕಿತ್ತು. ಸ್ಕ್ರೂ ಉಗಿದು ಕೂಗಬೇಕಿತ್ತು. ಎರಡಕ್ಕೂ ಸಮಯವಿತ್ತು. ಯುಪಿಎಸ್ಸು ಕೂಗುತ್ತಿತ್ತು, ನಾನು ಯಂತ್ರದ ಹೊಟ್ಟೆ ನೋಡುತ್ತ ಮಲಗಿದ್ದೆ, ನನ್ನ ನಾಲಿಗೆ ಬೇರೆ ಯಾರದ್ದೋ ಆಗಿತ್ತು.

"ಇದೂ ಬಡ್ಕತದಲ್ಲ" ಅಂದು ಅಪ್ಪ ಬಗ್ಗಿ ಅದರ ಗುಂಡಿಯನ್ನೂ ಒತ್ತಿದ.

ಕಂಪ್ಯೂಟರಿನೊಳಗಿನ ಫ್ಯಾನು ಸುತ್ತುವುದು ನಿಂತಿತು. ಕಂಪ್ಯೂಟರಿನ ಹಣೆಗೆ ಅವನು ಕುಂಕುಮವಿಟ್ಟದ್ದು, ಹೂವಿಟ್ಟದ್ದು ನೆರಳಿನಲ್ಲಿ ಕಂಡಿತು.

"ಎದ್ದು ತಿಂಡಿ ತಿನ್ನೋಗು ಅಮ್ಮಣ್ಣಿ" ಅಂದ. "ನಾಳೆ ಬೆಳುಗ್ಗೆ ಸ್ವಿಚ್ ಆಕುವಂತೆ. ಎಲ್ ನಿಂತದೋ ಅಲ್ಲಿಂದ್ಲೇ ಇಡ್ಕತದೆ."

ಬಾಯಿಯಿಂದ ಸ್ಕ್ರೂ ತೆಗೆದೆ.

"ಊಂ" ಅಂದೆ.